ಹೊಲದ ಔಷಧಿ, ಕೆರೆಯ ಮೀನು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಬೇಸಾಯ ಬಹುಪಾಲು ಮಳೆಯಾಶ್ರಿತವಾದುದು. ಹೊಲದ ಮೇಲೆ ಬಿದ್ದ ಮಳೆ ಬದು ದಾಟಿ, ಹಳ್ಳ ಹಿಡಿದು ಊರ ಕೆರೆಯನ್ನು ಸೇರುತ್ತದೆ. ಬರುವಾಗ ಅದು ಬರಿಗೈಯಲ್ಲಿ ಬರುವುದಿಲ್ಲ. ಮಸಾರಿ ಹೊಲದ ಕೆಮ್ಮಣ್ಣನ್ನು ತರುತ್ತದೆ, ಎರೆ ಹೊಲದ ಕಪ್ಪು ಮಣ್ಣನ್ನು ತರುತ್ತದೆ, ಹಾಕಿದ ಗೊಬ್ಬರದಲ್ಲಿ ಒಂದು ಪಾಲನ್ನು ತರುತ್ತದೆ. ರೈತರು ವಾಡಿಕೆಯಲ್ಲಿ 'ಎಣ್ಣೆ' ಎಂದು ಕರೆಯುವ ಕೀಟನಾಶಕದಲ್ಲಿಯೂ ಒಂದು ಪಾಲು ಹೀಗೆಯೇ ಕೆರೆಗೆ ಇಳಿಯುತ್ತದೆ.

ಮಲೆನಾಡಿನ ಹಳ್ಳ ತನಗೆ ಬಿದ್ದುದರಲ್ಲಿ ಹೆಚ್ಚಿನದನ್ನು ಕೊಚ್ಚಿಕೊಂಡು ಮುಂದೆ ಹೋಗುತ್ತದೆ. ಬಯಲುಸೀಮೆಯ ಕೆರೆಯ ರೀತಿ ಬೇರೆ. ಇಲ್ಲಿ ಕೆರೆ ಕೋಡಿ ಬೀಳುವ ವರ್ಷಗಳು ಕಡಿಮೆ. ಬಂದ ನೀರಿನಲ್ಲಿ ಸ್ವಲ್ಪ ತೂಬಿನಿಂದ ಗದ್ದೆಗೆ ಹೋಗುತ್ತದೆ, ಸ್ವಲ್ಪ ಇಂಗುತ್ತದೆ, ಉಳಿದದ್ದು ಬೇಸಿಗೆಯ ಬಿಸಿಲಿಗೆ ಆರುತ್ತದೆ. ನೀರು ಆರಿದರೂ ಅದು ಹೊತ್ತು ತಂದದ್ದು ಬಹುಪಾಲು ತಳದ ಹೂಳಿನಲ್ಲಿಯೇ ಉಳಿಯುತ್ತದೆ. ಮುಂದಿನ ಮುಂಗಾರಿಗೆ ಅದರ ಮೇಲೆ ಇನ್ನೊಂದು ಪದರ.

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಊರಿಗೆ ಊರೇ ದಂಡೆಯ ಮೇಲೆ ಬಂದು ನಿಲ್ಲುತ್ತದೆ. ಸಾಯದೆ ಬದುಕಿ, ಮೈತುಂಬಿಕೊಂಡು, ಸಂತೆಯಲ್ಲಿ ಮಾರಾಟವಾಗುವ ಮೀನಿನ ಮೈಯಲ್ಲಿ ಏನಿದೆ ಎಂದು ಕೇಳುವವರು ವಿರಳ. ಈ ಭಾಷಣದ ವಿಷಯ ಮುಖ್ಯವಾಗಿ ಆ ಎರಡನೆಯ ಮೀನು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಈ ಭಾಗದ ರೈತರಿಗೆ ಪರಿಚಿತವಾದುದು. ನೀರಾವರಿಗೆಂದು ಶತಮಾನಗಳ ಹಿಂದೆ ಕಟ್ಟಿದ ಈ ಕೆರೆಯ ವಿಸ್ತೀರ್ಣ 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. ಇಲ್ಲಿ 41 ಜಾತಿಯ ಮೀನುಗಳೂ 240 ಜಾತಿಯ ಹಕ್ಕಿಗಳೂ ದಾಖಲಾಗಿವೆ. ಕೆರೆಯೊಳಗಿನ ಜಾಲಿ ಮರಗಳಲ್ಲಿ ಗೂಡು ಕಟ್ಟುವ ಮತ್ತು ರಾತ್ರಿ ತಂಗುವ ನೀರುಹಕ್ಕಿಗಳ ಸಂಖ್ಯೆ 30 ಸಾವಿರಕ್ಕೂ ಮೇಲೆ. ಬಣ್ಣದ ಕೊಕ್ಕರೆ, ಕರಿತಲೆಯ ಬಿಳಿ ಕೆಂಬರಲು ಅವುಗಳಲ್ಲಿ ಮುಖ್ಯವಾದವು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಊರ ಕೆರೆಯೊಂದಕ್ಕೆ ಇದು ಸಣ್ಣ ಗೌರವವಲ್ಲ.

ಈ ಕೆರೆಯ ಅಳತೆಯನ್ನಿಟ್ಟುಕೊಂಡು ಒಂದು ಲೆಕ್ಕ ಮಾಡಿ ನೋಡಬಹುದು. ಕೆರೆಯಲ್ಲಿ ಎಲ್ಲೆಡೆ ಒಂದು ಮೀಟರ್ ಆಳ ನೀರಿದ್ದರೆ ಒಟ್ಟು ಸುಮಾರು 100 ಕೋಟಿ ಲೀಟರ್ ಆಗುತ್ತದೆ. ಅಷ್ಟೂ ನೀರಿನಲ್ಲಿ ಕೇವಲ 3 ಗ್ರಾಂ ಡಿ.ಡಿ.ಟಿ. ಬೆರೆತಿದೆ ಎಂದು ಭಾವಿಸೋಣ. ಮೂರು ಗ್ರಾಂ ಎಂದರೆ ಒಂದು ಚಮಚವೂ ತುಂಬದಷ್ಟು ಪುಡಿ. ಇದು ಕೇವಲ ಲೆಕ್ಕಕ್ಕಾಗಿ ಹೇಳಿದ್ದು. ಅಂಕಸಮುದ್ರದ ನೀರಿನಲ್ಲಿ ಅಷ್ಟು ವಿಷವಿದೆ ಎಂದು ಅರ್ಥವಲ್ಲ. ಅಷ್ಟು ಸಣ್ಣ ಪ್ರಮಾಣದ ವಿಷವಿರುವ ನೀರನ್ನು ಕುಡಿದರೆ ರುಚಿಯಲ್ಲಿ ತಿಳಿಯದು, ವಾಸನೆಯಲ್ಲಿ ತಿಳಿಯದು, ಸಾಮಾನ್ಯ ಪರೀಕ್ಷೆಯಲ್ಲಿಯೂ ಸಿಗದು.

ಈಗ ಮುಂದಿನ ಮೆಟ್ಟಿಲುಗಳು. ಪದವಿಪೂರ್ವ ತರಗತಿಯ ಜೀವಶಾಸ್ತ್ರದಲ್ಲಿ ಬಹುಕಾಲ ಪಾಠವಾಗಿದ್ದ ಅಂಕಿಗಳು ಹೀಗಿವೆ. ಇಷ್ಟೇ ತೆಳುವಾಗಿ ಡಿ.ಡಿ.ಟಿ. ಬೆರೆತ ನೀರಿನಲ್ಲಿ ಬೆಳೆದ, ಕಣ್ಣಿಗೆ ಕಂಡೂ ಕಾಣದಂತಿರುವ ಪ್ರಾಣಿ ಪ್ಲವಕಗಳ ಮೈಯಲ್ಲಿ 0.04 ಪಿ.ಪಿ.ಎಂ. ವಿಷ. ಅವನ್ನು ತಿಂದ ಸಣ್ಣ ಮೀನಿನಲ್ಲಿ 0.5 ಪಿ.ಪಿ.ಎಂ. ಸಣ್ಣ ಮೀನನ್ನು ನುಂಗಿದ ದೊಡ್ಡ ಮೀನಿನಲ್ಲಿ 2 ಪಿ.ಪಿ.ಎಂ. ದೊಡ್ಡ ಮೀನನ್ನು ತಿನ್ನುವ ಹಕ್ಕಿಯಲ್ಲಿ 25 ಪಿ.ಪಿ.ಎಂ. ಒಂದು ಪಿ.ಪಿ.ಎಂ. ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಹತ್ತು ಕ್ವಿಂಟಲ್ ಜೋಳದ ರಾಶಿಯಲ್ಲಿ ಒಂದು ಗ್ರಾಂ ಇದ್ದಂತೆ. ನೀರಿನಿಂದ ಹಕ್ಕಿಯವರೆಗೆ ಲೆಕ್ಕ ಹಾಕಿದರೆ ವಿಷ ಸುಮಾರು 80 ಲಕ್ಷ ಪಟ್ಟು ಹೆಚ್ಚಿದೆ. ಎಲ್ಲ ಕೆರೆಗಳಲ್ಲಿ, ಎಲ್ಲ ವಿಷಗಳಲ್ಲಿ ಇದೇ ಪ್ರಮಾಣ ಇರುವುದಿಲ್ಲ. ಏರುವ ಕ್ರಮ ಮಾತ್ರ ಇದೇ.

ಇದು ಹೇಗಾಗುತ್ತದೆ? ಇಂಥ ವಿಷಗಳಿಗೆ ಎರಡು ಗುಣಗಳಿವೆ. ಒಂದು, ಅವು ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಜಿಡ್ಡಿನ ಪಾತ್ರೆಯನ್ನು ತಣ್ಣೀರಿನಲ್ಲಿ ಎಷ್ಟು ಅದ್ದಿದರೂ ಜಿಡ್ಡು ಬಿಡದಂತೆ, ಮೀನಿನ ಕಿವಿರಿನ ಮೂಲಕ ಅಥವಾ ಆಹಾರದ ಮೂಲಕ ಒಳಸೇರಿದ ವಿಷ ಅದರ ಕೊಬ್ಬಿಗೆ ಅಂಟಿಕೊಂಡು ಕೂರುತ್ತದೆ. ಮೂತ್ರದೊಡನೆ ಹೊರಗೆ ಹೋಗುವುದಿಲ್ಲ. ಎರಡು, ಅವು ಬೇಗ ಕೊಳೆಯುವುದಿಲ್ಲ. ಮಣ್ಣಿಗೆ ಬಿದ್ದ ಡಿ.ಡಿ.ಟಿ. ಅರ್ಧಕ್ಕೆ ಇಳಿಯಲು 2ರಿಂದ 15 ವರ್ಷ ಬೇಕಾಗಬಹುದು. ಇನ್ನು ಆಹಾರದ ಲೆಕ್ಕ. ಒಂದು ಕಿಲೋ ಮೈ ಬೆಳೆಸಿಕೊಳ್ಳಲು ಬೇಟೆ ಮೀನು ಹಲವು ಕಿಲೋ ಸಣ್ಣ ಮೀನನ್ನು ತಿನ್ನಬೇಕು. ತಿಂದ ಆಹಾರದಲ್ಲಿ ಹೆಚ್ಚಿನದು ಓಡಾಟಕ್ಕೆ, ಉಸಿರಾಟಕ್ಕೆ ಖರ್ಚಾಗುತ್ತದೆ, ವಿಷ ಖರ್ಚಾಗುವುದಿಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರೆಲ್ಲ ಇಂಗಿ ಸಿಹಿ ಮಾತ್ರ ಗಟ್ಟಿಯಾಗಿ ಉಳಿಯುವ ಹಾಗೆ, ಪ್ರತಿ ಮೆಟ್ಟಿಲಿನಲ್ಲಿಯೂ ವಿಷ ಗಟ್ಟಿಯಾಗುತ್ತ ಹೋಗುತ್ತದೆ.

ಈ ಸಂಗತಿ ಜಗತ್ತಿನ ಗಮನಕ್ಕೆ ಬಂದದ್ದು ಒಂದು ಸರೋವರದಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಕ್ಲಿಯರ್ ಲೇಕ್ ಎಂಬಲ್ಲಿ ಸಣ್ಣ ನೊಣಗಳ ಕಾಟ ಹೆಚ್ಚಿತೆಂದು 1949, 1954 ಮತ್ತು 1957ರಲ್ಲಿ ಡಿ.ಡಿ.ಟಿ.ಯ ದಾಯಾದಿಯಾದ ಡಿ.ಡಿ.ಡಿ. ಎಂಬ ಔಷಧಿಯನ್ನು ನೀರಿಗೆ ಹಾಕಿದರು. ಮೀನಿಗೆ ಅಪಾಯವಾಗದಿರಲೆಂದು ಬಹಳ ಎಚ್ಚರಿಕೆಯಿಂದ ಅಳೆದರು. ಐದರಿಂದ ಏಳು ಕೋಟಿ ಭಾಗ ನೀರಿಗೆ ಒಂದು ಭಾಗ ಔಷಧಿಯಷ್ಟೆ. ಮೀನು ಸಾಯಲಿಲ್ಲ. ಕೆಲಕಾಲದ ಮೇಲೆ ನೀರನ್ನು ಪರೀಕ್ಷಿಸಿದಾಗ ಔಷಧಿಯ ಸುಳಿವೂ ಸಿಗಲಿಲ್ಲ. ಅಷ್ಟರಲ್ಲಿ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ, ಗುಳುಮುಳುಕನ ಜಾತಿಗೆ ಸೇರಿದ ಹಕ್ಕಿಗಳು ಸಾಯತೊಡಗಿದವು. ಸತ್ತ ಹಕ್ಕಿಯ ಕೊಬ್ಬಿನಲ್ಲಿ 1,600 ಪಿ.ಪಿ.ಎಂ. ವಿಷ ಸಿಕ್ಕಿತು. ಸಾವಿರ ಜೋಡಿಗೂ ಮೇಲಿದ್ದ ಹಕ್ಕಿ ಸುಮಾರು 30 ಜೋಡಿಗೆ ಇಳಿಯಿತು. ನೀರು ನಿರ್ಮಲವಾದದ್ದು ವಿಷ ನಾಶವಾಗಿ ಅಲ್ಲ. ವಿಷವೆಲ್ಲ ಜೀವಿಗಳ ಮೈಗೆ ಸೇರಿದ್ದರಿಂದ. ರೇಚಲ್ ಕಾರ್ಸನ್ ಅವರ 1962ರ ಪುಸ್ತಕದ ಮೂಲಕ ಈ ಕಥೆ ಎಲ್ಲ ದೇಶಗಳಿಗೂ ತಲುಪಿತು. ಮುಂದೆ ಇನ್ನೊಂದು ಅಂಶ ತಿಳಿದುಬಂತು. ಈ ವಿಷ ಸೇರಿದ ಹಕ್ಕಿ ಸಾಯದೆ ಉಳಿದರೂ ಅದರ ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಒಡೆಯುತ್ತದೆ. ಗೂಡು ಇರುತ್ತದೆ, ಹಕ್ಕಿ ಇರುತ್ತದೆ, ಮರಿ ಮಾತ್ರ ಇರುವುದಿಲ್ಲ.

ಭಾರತದ ರೈತರಿಗೆ ಈ ಗುಂಪಿನ ಔಷಧಿಗಳು ಹೊಸವಲ್ಲ. ಶೇಂಗಾದ ಕಂಬಳಿಹುಳುವಿಗೆ, ಹೊಲದ ಗೆದ್ದಲಿಗೆ, ಜೋಳದ ಕೀಟಗಳಿಗೆ ಬಿ.ಎಚ್.ಸಿ. ಪುಡಿಯನ್ನು ಎರಚಿದ ನೆನಪು ಹಿರಿಯರಿಗೆ ಇದ್ದೇ ಇದೆ. ಗಮಾಕ್ಸಿನ್ ಪುಡಿ ಎಂದೂ ಅದನ್ನು ಕರೆಯುತ್ತಿದ್ದರು. ಅದರಲ್ಲಿ ಕೀಟವನ್ನು ನಿಜವಾಗಿ ಕೊಲ್ಲುವ ಅಂಶ ನೂರಕ್ಕೆ 10ರಿಂದ 15 ಭಾಗ ಮಾತ್ರ. ಉಳಿದದ್ದು ಬೆಳೆಗೆ ಯಾವ ಉಪಯೋಗವನ್ನೂ ಮಾಡದೆ ಮಣ್ಣಿನಲ್ಲಿ ಉಳಿಯುವಂಥದು. ಆ ಕಾಲದಲ್ಲಿ ಇವನ್ನು ಶಿಫಾರಸು ಮಾಡಿದವರು ವಿಜ್ಞಾನಿಗಳು ಮತ್ತು ಇಲಾಖೆಗಳೇ. ಆದ್ದರಿಂದ ಇದಕ್ಕೆ ರೈತರನ್ನು ದೂರುವುದು ನ್ಯಾಯವಲ್ಲ. ತಿಳಿವಳಿಕೆ ಬೆಳೆದಂತೆ ಒಂದೊಂದಾಗಿ ನಿಷೇಧಗಳು ಬಂದವು. ಕೃಷಿಯಲ್ಲಿ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಂತಿತು. ಎಂಡ್ರಿನ್ 1990ರಲ್ಲಿ, ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಿಷೇಧಗೊಂಡವು. ಇಂಥ 12 ವಿಷಗಳ ಮೇಲೆ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಭಾರತ 2006ರಲ್ಲಿ ಅದನ್ನು ಅನುಮೋದಿಸಿತು. ತೆಂಗಿನ, ಮೆಣಸಿನಕಾಯಿಯ ನುಸಿಗೆ ಬಳಸುತ್ತಿದ್ದ ಡೈಕೋಫಾಲ್ 2023ರಲ್ಲಿ ನಿಷೇಧವಾಯಿತು, ಅದನ್ನು ಡಿ.ಡಿ.ಟಿ.ಯಿಂದಲೇ ತಯಾರಿಸುತ್ತಿದ್ದುದರಿಂದ ಸ್ವಲ್ಪ ಡಿ.ಡಿ.ಟಿ. ಅದರಲ್ಲಿ ಉಳಿಯುತ್ತಿತ್ತು.

ಕರ್ನಾಟಕದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1970ರ ದಶಕದಲ್ಲಿ, ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ. ಅಲ್ಲಿನ ಬಡ ಕೃಷಿ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ನಡೆಯಲಾರದ ಸ್ಥಿತಿ ಉಂಟಾಯಿತು. ಕೆಲವರು ಕುಳ್ಳಗೆ ಉಳಿದರು. ಈ ಜನರು ಭತ್ತದ ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುತ್ತಿದ್ದರು. ಗದ್ದೆಗಳಿಗೆ ಎಂಡ್ರಿನ್, ಪ್ಯಾರಥಿಯಾನ್ ಹೊಡೆಯಲಾಗುತ್ತಿತ್ತು. ಏಡಿಯ ಮೂಲಕ ವಿಷ ಸೇರಿರಬೇಕೆಂಬ ಸಂದೇಹ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ಪರಿಶೀಲಿಸಿದರು. ಮುಂದಿನ ಅಧ್ಯಯನಗಳಿಂದ ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವ ಆನುವಂಶಿಕ ಮೂಳೆ ರೋಗವೆಂದು ತಿಳಿದುಬಂತು. ವಿಸ್ತರಣಾ ಕಾರ್ಯಕರ್ತರು ಈ ಪ್ರಕರಣವನ್ನು ಪೂರ್ತಿಯಾಗಿ ಹೇಳಬೇಕು. ಈಗಲೂ ಕೆಲವರು ಅರ್ಧ ಕಥೆಯನ್ನಷ್ಟೇ ಹೇಳಿ ಹಂದಿಗೋಡಿನ ರೋಗವನ್ನು ಕೀಟನಾಶಕದ ಲೆಕ್ಕಕ್ಕೆ ಬರೆಯುತ್ತಾರೆ, ಅದು ತಪ್ಪು. ಆದರೆ ಗದ್ದೆಯ ಏಡಿಯನ್ನು ತಿನ್ನುವವರ ಹೊಟ್ಟೆಗೆ ಏನು ಹೋಗುತ್ತದೆ ಎಂದು ಆಗ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ಕೆಸರಿನಲ್ಲಿ ಬಾಳಿ ಕೆಸರನ್ನೇ ಮೇಯುವ ಪ್ರಾಣಿಗೆ ಕೆಸರಿನ ವಿಷ ಮೊದಲು ಸೇರುತ್ತದೆ, ಅದನ್ನು ಹಿಡಿದು ತಿನ್ನುವವರು ಊರಿನ ಬಡವರೇ.

ಕಾಸರಗೋಡಿನ ಕಥೆ ಹೀಗೆ ಮುಗಿಯಲಿಲ್ಲ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಪುಗಳು ಗುಡ್ಡದ ಮೇಲೆ. ಮನೆ, ಬಾವಿ, ತೊರೆಗಳು ತಗ್ಗಿನಲ್ಲಿ. ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಊರುಗಳಲ್ಲಿ ಮಕ್ಕಳ ಅಂಗವಿಕಲತೆ, ಬುದ್ಧಿಮಾಂದ್ಯ, ಅಪಸ್ಮಾರಗಳನ್ನು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಗುರುತಿಸಿದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಲೋಕಕ್ಕೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ನಡೆಸಿದ ಅಧ್ಯಯನದಲ್ಲಿ, ಸಿಂಪರಣೆ ನಿಂತ ಮೇಲೂ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಶೇಷ ಸಿಕ್ಕಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಗೇರು ತೋಪುಗಳಲ್ಲಿಯೂ ಇದೇ ಔಷಧಿಯನ್ನು ಹೊಡೆಯಲಾಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು. ಈ ಔಷಧಿ ಬೇಗ ಕರಗಿಹೋಗುತ್ತದೆ ಎಂಬ ಮಾತು ಆಗ ಪ್ರಚಾರದಲ್ಲಿತ್ತು. ಮೂಲ ರೂಪ ಬದಲಾಗುವುದು ನಿಜ. ಬದಲಾಗಿ ಹುಟ್ಟುವ ಸಲ್ಫೇಟ್ ರೂಪವೂ ಅಷ್ಟೇ ವಿಷ, ಅದು ಹೆಚ್ಚು ಕಾಲ ಉಳಿಯುತ್ತದೆ. ಮೀನಿಗಂತೂ ಎಂಡೋಸಲ್ಫಾನ್ ಕಡುವಿಷ. ಒಂದು ಲೀಟರ್ ನೀರಿನಲ್ಲಿ ಗ್ರಾಂನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಇದ್ದರೂ ಹಲವು ಜಾತಿಯ ಮೀನುಗಳು ಸಾಯುತ್ತವೆ.

ಇವೆಲ್ಲ ನಿಂತುಹೋದ ಔಷಧಿಗಳು, ಈಗ ಏನು ಚಿಂತೆ ಎಂದು ಯಾರಾದರೂ ಕೇಳಬಹುದು. ನಿಷೇಧವಾದ ದಿನವೇ ಕೆರೆಯ ಹೂಳು ಶುದ್ಧವಾಗುವುದಿಲ್ಲ ಎಂಬುದು ಮೊದಲನೆಯ ಉತ್ತರ. ಎರಡನೆಯದು ಈಗಿನ ಔಷಧಿಗಳ ಬಗ್ಗೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮೆಕ್ಕೆಜೋಳ ಬೆಳೆಯುವಲ್ಲೆಲ್ಲ ಹರಡಿ ಸಿಂಪರಣೆಯನ್ನು ಹೆಚ್ಚಿಸಿದೆ. ಈ ಐದು ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಎಷ್ಟಿದೆ ಎಂಬುದನ್ನು ಹೇಳಬೇಕಾಗಿಲ್ಲ. ಈಗ ಬಳಸುವ ಎಮಾಮೆಕ್ಟಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್, ಸೈಪರ್‌ಮೆಥ್ರಿನ್‌ಗಳು ಡಿ.ಡಿ.ಟಿ.ಯಂತೆ ದಶಕಗಟ್ಟಲೆ ಉಳಿಯುವುದಿಲ್ಲ. ಆ ಮಟ್ಟಿಗೆ ಇದು ಸುಧಾರಣೆಯೇ. ಆದರೆ ನೀರಿಗೆ ಬಿದ್ದರೆ ಮೀನನ್ನೂ ಮೀನಿನ ಮರಿಗಳು ತಿನ್ನುವ ಪ್ಲವಕಗಳನ್ನೂ ಕೂಡಲೇ ಕೊಲ್ಲುತ್ತವೆ. ಗೆದ್ದಲಿಗೆಂದು ಎಲ್ಲರ ಮನೆಯಲ್ಲಿಯೂ ಇರುವ ಕ್ಲೋರ್‌ಪೈರಿಫಾಸ್, ಉಳಿದುಕೊಳ್ಳುವ ಮತ್ತು ಜೀವಿಗಳಲ್ಲಿ ಸಂಗ್ರಹವಾಗುವ ಗುಣದ ಕಾರಣ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು.

ಡಬ್ಬಿಯ ಮೇಲಿನ ತ್ರಿಕೋನದ ಬಗ್ಗೆ ಒಂದು ತಪ್ಪು ಭಾವನೆ ಇದೆ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಮನುಷ್ಯನಿಗೆ ಎಷ್ಟು ಅಪಾಯ ಎಂಬುದನ್ನು, ಇಲಿಗಳ ಮೇಲೆ ನಡೆಸಿದ ಪರೀಕ್ಷೆಯ ಆಧಾರದಿಂದ ತಿಳಿಸುತ್ತವೆ. ಮೀನಿಗೆ ಎಷ್ಟು ಅಪಾಯ ಎಂಬುದನ್ನು ಅವು ತಿಳಿಸುವುದಿಲ್ಲ. ಹಸಿರು ತ್ರಿಕೋನದ ಕ್ಲೋರಾಂಟ್ರಾನಿಲಿಪ್ರೋಲ್ ಕೂಡ ನೀರಿನ ಸಣ್ಣ ಜೀವಿಗಳಿಗೆ ಬಹಳ ವಿಷವಾದುದು. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಜಲಚರಗಳ ಬಗ್ಗೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಮನೆಯ ಮಕ್ಕಳಿಂದಲಾದರೂ ಓದಿಸಿ ಕೇಳಬೇಕು.

ಹಾಗಾದರೆ ಕೆರೆಯ ಮೀನನ್ನು ತಿನ್ನಬಾರದೇ? ತಿನ್ನಬಹುದು, ತಿನ್ನಬೇಕು. ಕಡಿಮೆ ಖರ್ಚಿನಲ್ಲಿ ಸಿಗುವ ಒಳ್ಳೆಯ ಪೌಷ್ಟಿಕ ಆಹಾರ ಅದು. ಮಳೆಗಾಲದಲ್ಲಿ ಮರಿ ಬಿಟ್ಟು ಬೇಸಿಗೆಗೆ ಹಿಡಿಯುವ ಕಾಟ್ಲಾ, ರೋಹು ಮೀನುಗಳು ಪ್ಲವಕ, ಪಾಚಿ, ಕೊಳೆತ ಸೊಪ್ಪನ್ನು ತಿಂದು ಬೆಳೆಯುವಂಥವು. ಆಹಾರದ ಮೆಟ್ಟಿಲಿನಲ್ಲಿ ಕೆಳಗಿವೆ, ವಯಸ್ಸೂ ಕಡಿಮೆ. ಅವುಗಳಲ್ಲಿ ವಿಷ ಗಟ್ಟಿಯಾಗಲು ಸಮಯ ಸಾಲದು. ಇತರ ಮೀನುಗಳನ್ನು ತಿಂದು ಹಲವು ವರ್ಷ ಬದುಕುವ ಕೊರವ, ಬಾಳೆ ಮೀನಿನಂಥ ಬೇಟೆ ಮೀನುಗಳಲ್ಲಿ, ಅದರಲ್ಲೂ ದೊಡ್ಡ ಗಾತ್ರದವುಗಳಲ್ಲಿ ಹೆಚ್ಚು ಸೇರುತ್ತದೆ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಮೊದಲಿನ ಬಗೆಯ ಮೀನೇ ಒಳ್ಳೆಯದು. ತಾಯಿಯ ಕೊಬ್ಬಿನಲ್ಲಿ ಸೇರಿದ ವಿಷ ಎದೆಹಾಲಿಗೂ ಬರುತ್ತದೆ. ಬೇಯಿಸುವುದರಿಂದ ಈ ವಿಷ ನಾಶವಾಗದು. ಚರ್ಮ, ಹೊಟ್ಟೆಯ ಭಾಗದ ಕೊಬ್ಬನ್ನು ತೆಗೆದರೆ ಒಂದಷ್ಟು ಕಡಿಮೆಯಾಗುತ್ತದೆ. ಪಾದರಸಕ್ಕೆ ಮಾತ್ರ ಈ ಉಪಾಯ ನಡೆಯದು, ಅದು ಕೊಬ್ಬನ್ನು ಬಿಟ್ಟು ಮಾಂಸದಲ್ಲಿಯೇ ಕೂರುತ್ತದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ಘೋರ ರೋಗ ಕಾರ್ಖಾನೆಯ ಪಾದರಸ ಸೇರಿದ ಮೀನನ್ನು ತಿಂದದ್ದರಿಂದ ಬಂದುದು.

ಎಲ್ಲಕ್ಕಿಂತ ಕೆಟ್ಟದ್ದು, ಬೇಸಿಗೆಯಲ್ಲಿ ಹಳ್ಳದ ಮಡುವಿಗೆ ಎಣ್ಣೆ ಸುರಿದು ಮೀನು ಹಿಡಿಯುವ ಚಾಳಿ. ಒಂದು ಬುಟ್ಟಿ ಮೀನಿಗಾಗಿ ಮಡುವಿನ ಮರಿ, ಕಪ್ಪೆ, ಏಡಿ ಎಲ್ಲವೂ ಸಾಯುತ್ತವೆ; ಅದೇ ನೀರನ್ನು ಕುರಿ, ದನಗಳು ಕುಡಿಯುತ್ತವೆ; ಹಿಡಿದ ಮೀನು ಅದೇ ಸಂಜೆ ಯಾರದೋ ಮನೆಯ ಸಾರಿಗೆ ಹೋಗುತ್ತದೆ. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕಾ ಕಾಯ್ದೆಯ ಕಾಲದಿಂದಲೂ ಅಪರಾಧ. ಊರಿನಲ್ಲಿ ಯಾರು ಹೀಗೆ ಮಾಡುತ್ತಾರೆಂದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ಹೊಲದಲ್ಲಿ ಮಾಡಬೇಕಾದ್ದು. ಕೆರೆಯ ದಂಡೆಯಲ್ಲಿ, ಹಳ್ಳದ ದಡದಲ್ಲಿ ಔಷಧಿ ಕಲಸಬಾರದು, 'ನೀರು ಹತ್ತಿರ' ಎಂದು ಪಂಪನ್ನು ಅಲ್ಲಿ ತೊಳೆಯಬಾರದು. ಕೊಡದಲ್ಲಿ ನೀರು ಹೊತ್ತುಕೊಂಡು ಹೊಲಕ್ಕೇ ಹೋಗಬೇಕು. ಖಾಲಿ ಡಬ್ಬಿಯನ್ನು ಮೂರು ಸಲ ಜಾಲಾಡಿ ಆ ನೀರನ್ನು ಪಂಪಿಗೇ ಸುರಿದು ಬೆಳೆಗೆ ಹೊಡೆದರೆ ಔಷಧಿಯೂ ಹಾಳಾಗದು. ನಂತರ ಡಬ್ಬಿಗೆ ತೂತು ಮಾಡಬೇಕು. ಮೋಡ ಕವಿದು ಮಳೆ ಬರುವ ಸೂಚನೆ ಇದ್ದಾಗ ಸಿಂಪಡಿಸಿದರೆ ಹಣವೂ ಕೆರೆಗೆ ಹೋಗುತ್ತದೆ. ಹಳ್ಳಕ್ಕೆ ತಾಗಿದ ಹೊಲವಾದರೆ ಅಂಚಿನಲ್ಲಿ ಕೆಲವು ಮಾರು ಅಗಲ ಹುಲ್ಲು ಬೆಳೆಯಲು ಬಿಡಬೇಕು; ಮಣ್ಣಿಗೆ ಅಂಟಿದ ವಿಷ ಅಲ್ಲಿಯೇ ತಡೆಯುತ್ತದೆ, ಮೇವೂ ಸಿಗುತ್ತದೆ, ಆದರೆ ಸಿಂಪರಣೆಯಾದ ಕೂಡಲೇ ಆ ಮೇವನ್ನು ಕೊಯ್ಯಬಾರದು. ಮೆಕ್ಕೆಜೋಳದ ಸುಳಿಯಲ್ಲಿ ಹುಳು ಇದೆಯೇ ಎಂದು ಗಿಡ ಎಣಿಸಿ ನೋಡಿದ ಮೇಲೆ ಹೊಡೆಯಬೇಕು, ಪಕ್ಕದ ಹೊಲದವರು ಹೊಡೆದರೆಂದಲ್ಲ. ಹುಳು ಸಣ್ಣದಿದ್ದಾಗ ಶೇಕಡ 5ರ ಬೇವಿನ ಬೀಜದ ಕಷಾಯ, ಧಾರವಾಡ ಕೃಷಿ ವಿಶ್ವವಿದ್ಯಾನಿಲಯ ಬೆಳೆಸಿದ ನ್ಯೂಮೋರಿಯಾ ರಿಲೈ ಶಿಲೀಂಧ್ರದ ಪುಡಿ ಚೆನ್ನಾಗಿ ಕೆಲಸ ಮಾಡುತ್ತವೆ. ಅಟ್ಟದ ಮೇಲೆ, ದನದ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಬಿ.ಎಚ್.ಸಿ. ಚೀಲವೋ ಎಂಡೋಸಲ್ಫಾನ್ ಡಬ್ಬಿಯೋ ಉಳಿದಿದ್ದರೆ ಅದನ್ನು ಹಳ್ಳಕ್ಕೆ ಎಸೆಯದೆ, ಸುಡದೆ, ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಬೇಕು.

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಅದನ್ನು ಆಯ್ದು ಮಾರುವುದಾಗಲಿ ತಿನ್ನುವುದಾಗಲಿ ಕೂಡದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಉಸಿರಾಟದ ಗಾಳಿ ಕಡಿಮೆಯಾದದ್ದು ಕಾರಣವಿರಬಹುದು. ಮೀನಿನ ಜೊತೆಗೆ ಏಡಿ, ಕಪ್ಪೆ, ನೀರಿನ ಹುಳುಗಳೂ ಸತ್ತಿದ್ದರೆ ವಿಷದ ಸಂಶಯ ಬಲವಾಗುತ್ತದೆ. ಆಗ ತೊಳೆದ ಗಾಜಿನ ಸೀಸೆಯಲ್ಲಿ ಆ ಜಾಗದ ನೀರನ್ನು ತುಂಬಿ, ಆಗತಾನೆ ಸತ್ತ ಎರಡು ಮೂರು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು, ಹಿಂದಿನ ಎರಡು ದಿನಗಳಲ್ಲಿ ಸುತ್ತಲಿನ ಹೊಲಗಳಲ್ಲಿ ಯಾವ ಔಷಧಿ ಹೊಡೆದರೆಂದು ಒಂದು ಚೀಟಿಯಲ್ಲಿ ಬರೆದು, ಅದೇ ದಿನ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಲುಪಿಸಬೇಕು. ದನಕರುಗಳನ್ನು ಆ ನೀರಿಗೆ ಇಳಿಸದಂತೆ ಅಷ್ಟರೊಳಗೆ ಊರಿನಲ್ಲಿ ಸಾರಿಸಬೇಕು.